ಕಪ್ಪು ಬಳಿದ ಮನೆಯ ಚಿತ್ರ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಸಾಗರ ತಾಲ್ಲೂಕಿನ ಶಿಕ್ಷಕಿಯೊಬ್ಬರು ನಮಗೆ ಬರೆದಿದ್ದಾರೆ. ಪತ್ರ ಉದ್ದವಿದೆ, ಸಾರ ಇಷ್ಟು. ಪ್ರತಿ ಏಪ್ರಿಲ್‌ನಲ್ಲಿ ಅವರು ಊರಿನ ಮಕ್ಕಳಿಗೆ ಹತ್ತು ದಿನದ ಬೇಸಿಗೆ ಶಿಬಿರ ನಡೆಸುತ್ತಾರೆ. ಬೆಳಿಗ್ಗೆ ಚಿತ್ರ, ಮಧ್ಯಾಹ್ನ ನಾಟಕ. ಕಳೆದ ಸಲ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಚಂದದೊಂದು ಮನೆ ಬರೆದಳು. ಆಮೇಲೆ ಅದರ ಮೇಲೆಲ್ಲ ಕಪ್ಪು ಕ್ರೇಯಾನ್ ಉಜ್ಜಿಬಿಟ್ಟಳು. ಅಲ್ಲಿದ್ದ ಪೋಷಕರೊಬ್ಬರು "ಇದು ಡಿಪ್ರೆಶನ್, ಡಾಕ್ಟರಿಗೆ ತೋರಿಸಿ" ಅಂದರು. ಹುಡುಗಿಯ ತಾಯಿ ಗಾಬರಿಯಾದರು. ಮರುದಿನದಿಂದ ಹುಡುಗಿ ಶಿಬಿರಕ್ಕೆ ಬರಲಿಲ್ಲ. ಶಿಕ್ಷಕಿ ಮೂರು ಪ್ರಶ್ನೆ ಕೇಳಿದ್ದಾರೆ. ಚಿತ್ರ ನೋಡಿ ಮಗುವಿನ ಮನಸ್ಸು ತಿಳಿಯಬಹುದಾ? ಚಿತ್ರ ಮತ್ತು ನಾಟಕವನ್ನು ಬೇರೆ ಬೇರೆ ಮಾಡಿಸುವ ಬದಲು, ಮಕ್ಕಳ ಮನಸ್ಸಿಗೆ ಒಳ್ಳೆಯದಾಗುವ ಹಾಗೆ ಸೇರಿಸುವುದು ಹೇಗೆ? ಈ ವರ್ಷದ ಪಾಂಪ್ಲೆಟ್‌ನಲ್ಲಿ 'ಆರ್ಟ್ ಅಂಡ್ ಡ್ರಾಮಾ ಥೆರಪಿ ಕಾರ್ಯಾಗಾರ', ಅಂದರೆ ಚಿತ್ರ ಮತ್ತು ನಾಟಕದ ಮೂಲಕ ಮನಸ್ಸಿಗೆ ಚಿಕಿತ್ಸೆ, ಎಂದು ಹಾಕಬಹುದಾ?

ಪ್ರಿಯ ಮೇಡಂ,

ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಆ ಚಿತ್ರ ನೋಡಿ ಯಾರೂ ಏನೂ ಹೇಳಲಾರರು. ಅವಳು ರಾತ್ರಿಯನ್ನು ಬರೆದಿರಬಹುದು. ಮಳೆಗಾಲದಲ್ಲಿ ಕರೆಂಟ್ ಹೋದ ಮನೆ ಇರಬಹುದು. ಪಕ್ಕದವನ ಮನೆ ತನ್ನದಕ್ಕಿಂತ ಚೆನ್ನಾಗಿ ಬಂತು ಅಂತ ಸಿಟ್ಟಾಗಿರಬಹುದು. ಕ್ರೇಯಾನ್ ಗಟ್ಟಿಯಾಗಿ ಒತ್ತಿ ಉಜ್ಜುವುದೇ ಅವಳಿಗೆ ಖುಷಿ ಕೊಟ್ಟಿರಬಹುದು. ನಿಜಕ್ಕೂ ಮನೆಯಲ್ಲಿ ಏನೋ ನಡೆದಿರಲೂಬಹುದು. ಇಷ್ಟರಲ್ಲಿ ಯಾವುದು ನಿಜವಾದರೂ ಕಾಗದದ ಮೇಲೆ ಕಾಣುವುದು ಅದೇ ಕಪ್ಪು.

ಚಿತ್ರದಿಂದ ಮನಸ್ಸನ್ನು ಅಳೆಯುವ ಆಸೆ ಹಳೆಯದು. ಮಗು ಬರೆದ ಮನುಷ್ಯನ ಚಿತ್ರದಿಂದ ಬುದ್ಧಿ ಅಳೆಯುವ ಪರೀಕ್ಷೆಯನ್ನು ಅಮೆರಿಕದ ಫ್ಲಾರೆನ್ಸ್ ಗುಡ್‌ಇನಫ್ 1926ರಲ್ಲೇ ಹೊರತಂದರು. 1948ರಲ್ಲಿ ಜಾನ್ ಬಕ್ ಮನೆ, ಮರ, ಮನುಷ್ಯ ಬರೆಸಿ ಸ್ವಭಾವ ತಿಳಿಯುವ ಪರೀಕ್ಷೆ ತಂದರು. ಇಂಥ ಪರೀಕ್ಷೆಗಳನ್ನು ಎಷ್ಟು ನಂಬಬಹುದು ಎಂಬುದರ ಬಗ್ಗೆ ಮನೋವಿಜ್ಞಾನಿಗಳಲ್ಲೇ ದೊಡ್ಡ ತಕರಾರಿದೆ. ತರಬೇತಿ ಪಡೆದವರಿಗೇ ಹೀಗಿರುವಾಗ, ಶಿಬಿರದ ಬಾಗಿಲಲ್ಲಿ ನಿಂತ ಪೋಷಕರೊಬ್ಬರು ಒಂದು ನಿಮಿಷದಲ್ಲಿ ತೀರ್ಪು ಕೊಡಬಾರದಿತ್ತು. ಅವರ ಮಾತಿನಿಂದ ಆದ ನಷ್ಟ ನೋಡಿ. ಹುಡುಗಿಗೆ ಶಿಬಿರವೇ ತಪ್ಪಿತು.

ಇದಕ್ಕೆ ಬಹಳ ದೂರದ, ಬಹಳ ಕಠಿಣ ಕಾಲದ ಒಂದು ಉದಾಹರಣೆ ಕೊಡುತ್ತೇನೆ. ಚಿತ್ರ ಮತ್ತು ನಾಟಕ ಎರಡೂ ಒಂದೇ ಮಕ್ಕಳ ಬದುಕಿನಲ್ಲಿ ಕೂಡಿ ಬಂದ ಕಥೆ ಅದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ನಾಜಿಗಳು ಈಗಿನ ಚೆಕ್ ದೇಶದ ಟೆರೆಜೀನ್ ಎಂಬ ಕೋಟೆಯೂರಿನಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದರು. ಫ್ರೀಡಲ್ ಡಿಕರ್ ಬ್ರಾಂಡೈಸ್ ಎಂಬ ಕಲಾವಿದೆಯನ್ನು 1942ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಕಳಿಸಿದರು. ಜರ್ಮನಿಯ ಪ್ರಸಿದ್ಧ ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಆಕೆ ಅಲ್ಲಿನ ಮಕ್ಕಳಿಗೆ ಗುಟ್ಟಾಗಿ ಚಿತ್ರದ ಪಾಠ ಶುರುಮಾಡಿದರು. ಕಾಗದ ಸಿಗುತ್ತಿರಲಿಲ್ಲ. ಆಫೀಸಿನ ಹಳೆಯ ಫಾರಂಗಳ ಹಿಂಬದಿಯೇ ಡ್ರಾಯಿಂಗ್ ಶೀಟ್. ಅವನ್ನು ಹರಿದು ಅಂಟಿಸಿಯೂ ಚಿತ್ರ ಮಾಡಿಸಿದರು. ಬರೆಯುವ ಮೊದಲು ಕೈ ಮತ್ತು ಮೈ ಸಡಿಲವಾಗಲಿ ಎಂದು ಲಯದ ಅಭ್ಯಾಸ ಇರುತ್ತಿತ್ತು. ಪ್ರತಿ ಚಿತ್ರದ ಮೇಲೂ ಮಗು ತನ್ನ ಹೆಸರು ಬರೆಯಲೇಬೇಕಿತ್ತು.

ಆ ಮಕ್ಕಳು ಏನು ಬರೆದರು? ಕೆಲವರು ತಾವು ಕಂಡ ಸರತಿ ಸಾಲು, ಅಟ್ಟಣಿಗೆ ಮಂಚ ಬರೆದರು. ಆದರೆ ಬಹಳಷ್ಟು ಚಿತ್ರಗಳಲ್ಲಿ ಇರುವುದು ಹೂವು, ಚಿಟ್ಟೆ, ಮನೆ, ಊಟದ ಮೇಜು. ಏನೂ ಗೊತ್ತಿಲ್ಲದವರ ಕೈಗೆ ಆ ಹೂವಿನ ಚಿತ್ರ ಕೊಟ್ಟರೆ 'ಮಗು ಖುಷಿಯಾಗಿದೆ' ಎಂದಾರು. 1944ರ ಅಕ್ಟೋಬರ್‌ನಲ್ಲಿ ಫ್ರೀಡಲ್ ಅವರನ್ನು ಆಶ್‌ವಿಟ್ಜ್ ಎಂಬ ನಾಜಿಗಳ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು. ಅವರ ವಿದ್ಯಾರ್ಥಿಗಳಲ್ಲೂ ಹೆಚ್ಚಿನವರು ಉಳಿಯಲಿಲ್ಲ. ಎರಡು ಸೂಟ್‌ಕೇಸ್‌ಗಳಲ್ಲಿ ಬಚ್ಚಿಟ್ಟ ಸುಮಾರು 4,500 ಚಿತ್ರಗಳು ಉಳಿದವು. ಅವು ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ.

ಅದೇ ಟೆರೆಜೀನ್‌ನಲ್ಲಿ ಮಕ್ಕಳು ಸಂಗೀತ ನಾಟಕವೊಂದನ್ನೂ ಆಡಿದರು. ಹೆಸರು 'ಬ್ರುಂಡಿಬಾರ್'. ಕಾಯಿಲೆಯ ಅಮ್ಮನಿಗೆ ಹಾಲು ತರಲು ಹೊರಟ ಅಣ್ಣ ತಂಗಿ, ಅವರನ್ನು ಪೇಟೆಯಿಂದ ಓಡಿಸುವ ದುಷ್ಟ, ಬೆಕ್ಕು, ನಾಯಿ, ಗುಬ್ಬಿ ಮತ್ತು ಊರ ಮಕ್ಕಳೆಲ್ಲ ಸೇರಿ ಅವನನ್ನು ಸೋಲಿಸುವುದು, ಇಷ್ಟೇ ಕಥೆ. 1943ರ ಸೆಪ್ಟೆಂಬರ್‌ನಿಂದ ಅಲ್ಲಿ 55 ಪ್ರದರ್ಶನ ಆಯಿತು. ಬೆಕ್ಕಿನ ಪಾತ್ರ ಮಾಡಿದ್ದ ಎಲಾ ವೈಸ್‌ಬರ್ಗರ್ ಬದುಕಿ ಉಳಿದರು. ಅವರು ಫ್ರೀಡಲ್ ಅವರ ಚಿತ್ರದ ಪಾಠದಲ್ಲೂ ಕೂತವರು. ಯಹೂದಿಗಳು ಎದೆಯ ಮೇಲೆ ಹೊಲಿದುಕೊಳ್ಳಬೇಕಿದ್ದ ಹಳದಿ ನಕ್ಷತ್ರವನ್ನು ರಂಗದ ಮೇಲಿರುವಷ್ಟು ಹೊತ್ತು ತೆಗೆದಿಡಬಹುದಿತ್ತು ಎಂದು ಅವರು ಮುಂದೆ ಎಷ್ಟೋ ಕಡೆ ಹೇಳಿದರು. ಚಿತ್ರವಾಗಲಿ ನಾಟಕವಾಗಲಿ ಆ ಮಕ್ಕಳ ಜೀವ ಉಳಿಸಲಿಲ್ಲ. ದಿನಕ್ಕೆ ಒಂದಷ್ಟು ಹೊತ್ತು ಮಾತ್ರ ಅವರು ತಾವು ಆರಿಸಿದ್ದನ್ನು ಬರೆದರು, ತಾವು ಗೆಲ್ಲುವ ಕಥೆ ಆಡಿದರು. ಫ್ರೀಡಲ್ ಅವರಿಂದ ಯುದ್ಧಕ್ಕೆ ಮೊದಲೇ ಕಲಿತಿದ್ದ ಎಡಿತ್ ಕ್ರಾಮರ್ ಅಮೆರಿಕ ಸೇರಿ, ಅಲ್ಲಿ ಮಕ್ಕಳ ಆರ್ಟ್ ಥೆರಪಿಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದರು. ಚಿತ್ರಕ್ಕೆ ಅರ್ಥ ಹೇಳುವುದಕ್ಕಿಂತ ಚಿತ್ರ ಮಾಡುವ ಕೆಲಸದಲ್ಲೇ ಮಗುವಿಗೆ ಬಲ ಬರುತ್ತದೆ ಎನ್ನುವುದು ಅವರ ನಿಲುವು.

ಈಗ ನಿಮ್ಮ ಎರಡನೇ ಪ್ರಶ್ನೆ. ಚಿತ್ರಕ್ಕೆ ನಾವು ಅರ್ಥ ಹಚ್ಚಬಾರದು ಎಂದಾದರೆ ಅದನ್ನು ಮಾತಾಡಿಸುವವರು ಯಾರು? ಮಗುವೇ. ಅದಕ್ಕೆ ದಾರಿಯೇ ನಾಟಕ. ಎರಡನ್ನೂ ಸೇರಿಸಬೇಕು ಎನ್ನಲು ನನಗಿರುವ ದೊಡ್ಡ ಕಾರಣ ಇದು.

ಬ್ರಿಟನ್ನಿನ ಡ್ರಾಮಾ ಥೆರಪಿಸ್ಟ್ ಸ್ಯೂ ಜೆನ್ನಿಂಗ್ಸ್ ಮಕ್ಕಳ ಆಟ ಬೆಳೆಯುವ ಬಗೆಯನ್ನು ಮೂರು ಹಂತದಲ್ಲಿ ವಿವರಿಸಿದ್ದಾರೆ. ಹುಟ್ಟಿದ ಮೊದಲ ವರ್ಷ ಆಟವೆಲ್ಲ ಮೈಯಲ್ಲೇ: ತೂಗು, ಉರುಳು, ಕೈಕಾಲು ಬಡಿ. ಆಮೇಲೆ ಆಟ ಮೈಯಿಂದ ಹೊರಗಿನ ವಸ್ತುಗಳಿಗೆ ಹೋಗುತ್ತದೆ: ಮಣ್ಣು, ಬಣ್ಣ, ಗೊಂಬೆ. ಮೂರು ವರ್ಷದ ಸುಮಾರಿಗೆ ಮಗು ತಾನೇ ಇನ್ನೊಬ್ಬರಾಗುತ್ತದೆ: ಟೀಚರ್, ಬಸ್ ಡ್ರೈವರ್, ಹುಲಿ. ಚಿತ್ರ ಎರಡನೆಯ ಹಂತದ್ದು, ನಾಟಕ ಮೂರನೆಯದ್ದು. ಮೈಯಿಂದ ಚಿತ್ರಕ್ಕೆ, ಚಿತ್ರದಿಂದ ಪಾತ್ರಕ್ಕೆ ಹೋಗುವುದು ಮಗುವಿಗೆ ಗೊತ್ತಿರುವ ದಾರಿಯೇ. ನಿಮ್ಮ ಶಿಬಿರದಲ್ಲಿ ಬೆಳಿಗ್ಗೆ ಮಕ್ಕಳನ್ನು ಸೀದಾ ಕೂರಿಸಿ ಡ್ರಾಯಿಂಗ್ ಶೀಟ್ ಹಂಚುತ್ತೀರಿ ಎಂದು ಬರೆದಿದ್ದೀರಿ. ಅದನ್ನು ಬದಲಿಸಿ. ಮೊದಲ ಅರ್ಧ ಗಂಟೆ ಮೈಗೆ ಕೊಡಿ. ಕೆಸರು ಗದ್ದೆಯಲ್ಲಿ ಕಾಲು ಹೂತವರ ಹಾಗೆ ನಡೆಯಲಿ, ಗಾಳಿಗೆ ಛತ್ರಿ ಮಗುಚಿದವರ ಹಾಗೆ ಓಡಲಿ.

ಆಮೇಲೆ ಕಾಗದ. 'ನನ್ನ ಮನೆ', 'ನನ್ನ ಅಮ್ಮ' ಎಂಬ ವಿಷಯ ಮೊದಲ ದಿನವೇ ಬೇಡ. ಬ್ರಿಟನ್ನಿನ ಮಕ್ಕಳ ವೈದ್ಯ ವಿನ್ನಿಕಾಟ್ ತಮ್ಮಲ್ಲಿಗೆ ಬಂದ ಮಕ್ಕಳ ಜೊತೆ ಒಂದು ಗೀಚಾಟ ಆಡುತ್ತಿದ್ದರು. ಅವರೊಂದು ಸುಮ್ನೆ ಗೆರೆ ಗೀಚುವುದು, ಮಗು ಅದನ್ನು ಏನಾದರೂ ಮಾಡುವುದು. ಆಮೇಲೆ ಮಗುವಿನ ಗೀಚು, ಅವರ ಚಿತ್ರ. ನಿಮ್ಮ ಮಕ್ಕಳು ಜೋಡಿಯಾಗಿ ಇದನ್ನು ಆಡಲಿ. 'ನನಗೆ ಚಿತ್ರ ಬರಲ್ಲ' ಎನ್ನುವ ಮಗುವಿಗೂ ಇಲ್ಲಿ ಜಾಗವಿದೆ.

ಮೂರು ನಾಲ್ಕನೇ ದಿನ ಆರು ಚೌಕದ ಕಥೆಗೆ ಹೋಗಿ. ಇಸ್ರೇಲಿನ ಮನೋವಿಜ್ಞಾನಿ ಮೂಲಿ ಲಹಾದ್ ರೂಪಿಸಿದ ವಿಧಾನ ಇದು. ಕಾಗದವನ್ನು ಆರು ಭಾಗ ಮಾಡಿ. ಕಥೆಯ ನಾಯಕ ಯಾರು? ಅವನಿಗೆ ಆಗಬೇಕಾದ ಕೆಲಸ ಏನು? ಸಹಾಯಕ್ಕೆ ಯಾರಿದ್ದಾರೆ? ಅಡ್ಡಿ ಏನು? ಅಡ್ಡಿಯನ್ನು ಹೇಗೆ ಎದುರಿಸಿದ? ಕೊನೆಗೆ ಏನಾಯಿತು? ಒಂದೊಂದು ಚೌಕದಲ್ಲಿ ಒಂದೊಂದು ಚಿತ್ರ. ಕಥೆ ಹುಲಿಯದ್ದಾದರೂ ಸರಿ, ಟ್ರ್ಯಾಕ್ಟರಿನದ್ದಾದರೂ ಸರಿ. ಮೂರನೇ ಚೌಕವನ್ನು ಕೆಲವು ಮಕ್ಕಳು ಖಾಲಿ ಬಿಡುತ್ತಾರೆ, ಯಾರೂ ಸಹಾಯಕ್ಕಿಲ್ಲ ಎನ್ನುತ್ತಾರೆ. ಅಲ್ಲಿ ನೀವು ಕೈ ಹಾಕಿ ಯಾರನ್ನೋ ಬರೆಸಬೇಡಿ.

ಮಧ್ಯಾಹ್ನ ಅದೇ ಕಥೆ ನಾಟಕವಾಗಲಿ. ಚಿತ್ರ ಬರೆದ ಮಗುವೇ ನಿರ್ದೇಶಕ. ಯಾರು ಯಾವ ಪಾತ್ರ, ತಾನು ಆಡುವುದೋ ಕೂತು ನೋಡುವುದೋ, ಅದರದ್ದೇ ಆಯ್ಕೆ. ನಿಮ್ಮ ಕಡೆ ಅಡಿಕೆ ಹಾಳೆಗೆ ಬರವಿಲ್ಲ. ಅದಕ್ಕೆ ಎರಡು ಕಣ್ಣು ಕೊರೆದು ಬಣ್ಣ ಹಚ್ಚಿದರೆ ಮುಖವಾಡ. ಹಳೆ ಬೆಡ್‌ಶೀಟ್ ಕಟ್ಟಿ ಹಿಂದಿನಿಂದ ಟಾರ್ಚ್ ಬಿಟ್ಟರೆ, ರಟ್ಟಿನಲ್ಲಿ ಕತ್ತರಿಸಿದ ಚಿತ್ರಗಳು ತೊಗಲುಬೊಂಬೆಯಾಟ ಆಡುತ್ತವೆ. ಎಲ್ಲರ ಮುಂದೆ ನಿಲ್ಲಲು ನಾಚುವ ಮಗು ಪರದೆಯ ಹಿಂದೆ ಎಷ್ಟೊಂದು ಮಾತಾಡುತ್ತದೆ!

ನಿಮ್ಮ ಆ ಹುಡುಗಿಗೆ ಬರೋಣ. "ಯಾಕಮ್ಮ ಕಪ್ಪು ಬಳಿದೆ?" ಎಂದು ಕೇಳಿದರೆ ಅದು ವಿಚಾರಣೆಯಾಗುತ್ತದೆ. ಮಗು ತಪ್ಪು ಮಾಡಿದೆನೇನೋ ಎಂದುಕೊಂಡು ಬಾಯಿ ಮುಚ್ಚುತ್ತದೆ. "ಈ ಮನೆಗೆ ಈಗ ಏನಾಗಿದೆ?" ಎಂದು ಕೇಳಿ. ಅವಳಿಗೆ ಇಷ್ಟವಿದ್ದರೆ, "ನೀನೇ ಈ ಮನೆಯಾದರೆ ಹೇಗೆ ನಿಲ್ತೀಯ, ತೋರಿಸು" ಎನ್ನಿ. ನಿಂತ ಮೇಲೆ ಮನೆಯನ್ನೇ ಮಾತಾಡಿಸಿ. "ನಿನ್ನ ಬಾಗಿಲು ತೆರೆದಿದೆಯಾ? ಒಳಗೆ ಯಾರಿದ್ದಾರೆ? ನಿನಗೆ ಏನಾದರೂ ಬೇಕಾ?" "ದೀಪ ಬೇಕು" ಎಂದಳೋ, ಇನ್ನೊಂದು ಮಗು ದೀಪವಾಗಿ ಬರಲಿ. "ಯಾರೂ ಬೇಡ" ಎಂದಳೋ, ಉಳಿದವರು ನಾಲ್ಕು ಹೆಜ್ಜೆ ಹಿಂದೆ ಸರಿಯಲಿ. ಮಾತೆಲ್ಲ ಮನೆಯ ಬಗ್ಗೆಯೇ ಇರಲಿ, ಅವಳ ಬಗ್ಗೆ ಬೇಡ. ಈ ದೂರವೇ ಅವಳಿಗೆ ರಕ್ಷಣೆ. ಅವಳು ತಾನಾಗಿ ದಾಟಿ ಬಂದರೆ ಕೇಳಿಸಿಕೊಳ್ಳಿ, ನೀವು ಎಳೆದು ತರಬೇಡಿ.

ಪಾತ್ರಕ್ಕೆ ಹೋದ ಮಗು ಪಾತ್ರದಿಂದ ಹೊರಗೂ ಬರಬೇಕು. ಮುಗಿಯುವ ಹೊತ್ತಿಗೆ ಇದನ್ನು ಅವಸರದಲ್ಲಿ ಬಿಟ್ಟುಬಿಡುವುದು ಜಾಸ್ತಿ. ಯಕ್ಷಗಾನದವರು ಬೆಳಗಿನ ಜಾವ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತು ಎಣ್ಣೆ ಹಚ್ಚಿ ಬಣ್ಣ ತೆಗೆಯುವುದನ್ನು ನಿಮ್ಮ ಮಕ್ಕಳು ನೋಡಿಯೇ ಇರುತ್ತಾರೆ, ಅಲ್ವಾ? ಅಷ್ಟೇ ನಿಧಾನ ಇಲ್ಲೂ ಬೇಕು. ಮುಖವಾಡ ತೆಗೆದು ಚಾಪೆಯ ಮೇಲಿಡಲಿ, ಕೈಕಾಲು ಒದರಲಿ, ತನ್ನ ಹೆಸರು ಜೋರಾಗಿ ಹೇಳಲಿ, ನೀರು ಕುಡಿಯಲಿ. ದುಷ್ಟನ ಪಾತ್ರ ಮಾಡಿದ ಮಗುವನ್ನು ಉಳಿದವರು ಮನೆಗೆ ಹೋಗುವಾಗಲೂ ಅದೇ ಹೆಸರಿನಿಂದ ಕರೆಯದ ಹಾಗೆ ನೋಡಿಕೊಳ್ಳಿ.

ಕೊನೆಯ ದಿನದ ಪ್ರದರ್ಶನದ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಲೇಬೇಕು. ನಮ್ಮ ಬೇಸಿಗೆ ಶಿಬಿರಗಳನ್ನು ಹಾಳು ಮಾಡುತ್ತಿರುವುದು ಈ ಸಮಾರೋಪದ ಭೂತ. ಐದನೇ ದಿನದಿಂದಲೇ ರಿಹರ್ಸಲ್ ಶುರು. ಚೆನ್ನಾಗಿ ಮಾತಾಡುವ ಮಗುವಿಗೆ ದೊಡ್ಡ ಪಾತ್ರ, ಉಳಿದವರು ಮರ ಮತ್ತು ಕಲ್ಲು. ಮಕ್ಕಳ ಚಿತ್ರವನ್ನು ಗೋಡೆಗೆ ಹಚ್ಚುವ ಮೊದಲು ಟೀಚರ್ ತಿದ್ದುತ್ತಾರೆ. ಮುಂದೆ ಕೂತ ದೊಡ್ಡವರೆಲ್ಲ ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಪ್ರದರ್ಶನ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮಕ್ಕಳಿಗೆ ನಾಟಕ ಕಟ್ಟಿ ತೋರಿಸುವ ಖುಷಿ ದೊಡ್ಡದು. ಬಿ.ವಿ. ಕಾರಂತರು, ಪ್ರೇಮಾ ಕಾರಂತರು ಮಕ್ಕಳ ರಂಗಭೂಮಿಯನ್ನು ಬೆಳೆಸಿದ ನಾಡು ನಮ್ಮದು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಿಂದ ಎಷ್ಟೋ ಮಕ್ಕಳು ರಂಗಕ್ಕೆ ಬಂದಿದ್ದಾರೆ. ಆದರೆ ಮನಸ್ಸಿನ ಕೆಲಸಕ್ಕೆಂದು ಬರೆದ ಚಿತ್ರ, ಕಟ್ಟಿದ ಕಥೆ ಪ್ರದರ್ಶನಕ್ಕಲ್ಲ. ಸಮಾರೋಪಕ್ಕೆ ಬೇರೊಂದು ಹಾಡು, ಬೇರೊಂದು ಸಣ್ಣ ನಾಟಕ ಮಾಡಿಸಿ. ನಿಮ್ಮ ಪಕ್ಕದಲ್ಲೇ ಹೆಗ್ಗೋಡಿದೆ, ನೀನಾಸಂನಲ್ಲಿ ಕಲಿತವರು ಸುತ್ತಮುತ್ತ ಸಿಗುತ್ತಾರೆ. ಅವರ ಸಹಾಯ ಕೇಳಿ.

ಪಾಂಪ್ಲೆಟ್ ವಿಷಯ. 'ಥೆರಪಿ' ಎಂದು ಹಾಕಬೇಡಿ. ಬ್ರಿಟನ್ನಿನಲ್ಲಿ ಆರ್ಟ್ ಥೆರಪಿಸ್ಟ್, ಡ್ರಾಮಾ ಥೆರಪಿಸ್ಟ್ ಎಂದು ಕರೆದುಕೊಳ್ಳಲು ಮಾನ್ಯತೆ ಇರುವ ಕೋರ್ಸ್ ಮುಗಿಸಿ ಕಾನೂನುಬದ್ಧ ನೋಂದಣಿ ಪಡೆಯಬೇಕು. ಅಷ್ಟು ಬಿಗಿ ಯಾಕೆಂದರೆ ಥೆರಪಿ ಎಂದಾಗ ಪೋಷಕರು ಕಾಯಿಲೆಯ ಮಗುವನ್ನು ಗುಣವಾಗಲಿ ಎಂದು ಕಳಿಸುತ್ತಾರೆ. ಆ ಹೊಣೆ ಹೊರಲು ನಿಮಗೆ ತರಬೇತಿ ಇಲ್ಲ, ನೀವೇ ಬರೆದ ಹಾಗೆ 30 ಮಕ್ಕಳ ನಡುವೆ ನೀವು ಒಬ್ಬರೇ. 'ಚಿತ್ರ ಮತ್ತು ನಾಟಕ ಶಿಬಿರ' ಎಂದೇ ಹಾಕಿ. ಆ ಹೆಸರಿನಲ್ಲೂ ಮೇಲೆ ಹೇಳಿದ್ದೆಲ್ಲ ನಡೆಯುತ್ತದೆ. ಮಕ್ಕಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ, ಇನ್ನೊಬ್ಬ ದೊಡ್ಡವರನ್ನು ಜೊತೆಗಿಟ್ಟುಕೊಳ್ಳಿ. ಒಂದು ಮಗು ಅತ್ತು ಹೊರಗೆ ಹೋದರೆ ಜೊತೆಗೆ ಹೋಗಿ ಕೂರಲು ಒಬ್ಬರು ಬೇಕು.

ಒಮ್ಮೊಮ್ಮೆ ಮಗು ಭಾರವಾದದ್ದನ್ನು ಹೇಳಿಬಿಡುತ್ತದೆ. ಆಗ ನಾಟಕ ಅಲ್ಲಿಗೆ ನಿಲ್ಲಬೇಕು. "ನೀನು ಹೇಳಿದ್ದು ಒಳ್ಳೆಯದಾಯಿತು" ಎನ್ನಿ. ಯಾರಿಗೂ ಹೇಳಲ್ಲ ಎಂದು ಮಾತು ಮಾತ್ರ ಕೊಡಬೇಡಿ. ಲೈಂಗಿಕ ದೌರ್ಜನ್ಯದ ಮಾತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098. ದುಃಖ, ಭಯ, ನಿದ್ದೆ ಬಾರದಿರುವುದು ದಿನಗಟ್ಟಲೆ ಮುಂದುವರಿದರೆ ಪೋಷಕರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಡಿ. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಈ ಎರಡೂ ನಂಬರ್ ಶಿಬಿರದ ಗೋಡೆಯ ಮೇಲೆ ಇರಲಿ.

ಶಿಬಿರಕ್ಕೆ ಮೊದಲು ಆ ಹುಡುಗಿಯ ಮನೆಗೆ ಹೋಗಿ ಬನ್ನಿ. ತಾಯಿಯ ಹತ್ತಿರ ಕೂತು, ಚಿತ್ರದಲ್ಲಿ ಕಾಯಿಲೆ ಕಾಣಿಸಿತು ಎಂಬ ಮಾತಿಗೆ ಆಧಾರವಿಲ್ಲ ಎಂದು ಹೇಳಿ. ಮನೆಯಲ್ಲಿ, ಶಾಲೆಯಲ್ಲಿ ಹೇಗಿದ್ದಾಳೆ, ಊಟ ನಿದ್ದೆ ಸರಿಯಿದೆಯಾ ಎಂದು ಕೇಳಿ. ಮಗುವಿನ ಸ್ಥಿತಿ ತಿಳಿಯುವುದು ಆ ಉತ್ತರಗಳಿಂದ. ಈ ಸಲ ಬರುತ್ತೀಯಾ ಎಂದು ಹುಡುಗಿಯನ್ನೇ ಕೇಳಿ.

ಶಿಬಿರ ಮುಗಿದ ಮೇಲೆ ಏನಾಯಿತೆಂದು ನಮಗೆ ಬರೆಯಿರಿ. ಮಕ್ಕಳ ಹೆಸರು ಬೇಡ. ಚಿತ್ರ ಕಳಿಸುವುದಾದರೆ ಬರೆದ ಮಗುವನ್ನೂ ಅದರ ಮನೆಯವರನ್ನೂ ಕೇಳಿ ಕಳಿಸಿ. ಮಗು ಬೇಡ ಎಂದರೆ ನಿಮ್ಮ ಬರಹ ಒಂದನ್ನೇ ಪ್ರಕಟಿಸುತ್ತೇವೆ.

ಸಂಪಾದಕ