2004ರ ‘ದಿ ಪನಿಶರ್’ ಸಿನಿಮಾ ಕಾಮಿಕ್ಸ್ ಓದಿದವರಿಗೆ ಯಾಕೆ ಹಿಡಿಸಲಿಲ್ಲ?

ಮುಖ್ಯ ಕಾರಣ ಒಂದೇ. ಪನಿಶರ್ ಅಂದರೆ ಫ್ರಾಂಕ್ ಕ್ಯಾಸಲ್; ಅವನಿಗೆ ಯಾರ ಮೇಲೆ ಸಿಟ್ಟು ಅನ್ನೋದನ್ನೇ ಸಿನಿಮಾ ಬದಲಾಯಿಸಿಬಿಟ್ಟಿತು.

1974ರಲ್ಲಿ ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಮೊದಲು ಕಾಣಿಸಿಕೊಂಡ ಪಾತ್ರ ಇದು. ಕಾಮಿಕ್ಸ್‌ನಲ್ಲಿ ಅವನ ಹೆಂಡತಿ, ಮಕ್ಕಳು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ಗೆ ಪಿಕ್‌ನಿಕ್ ಹೋಗಿರುತ್ತಾರೆ. ಅಲ್ಲಿ ಮಾಫಿಯಾದವರು ಮಾಡಿದ ಕೊಲೆಯೊಂದು ಅವರ ಕಣ್ಣಿಗೆ ಬೀಳುತ್ತದೆ, ಅದಕ್ಕೇ ಸಾಯುತ್ತಾರೆ. ಅವರ ಮೇಲೆ ಯಾರಿಗೂ ಹಗೆ ಇರಲಿಲ್ಲ. ಸುಮ್ನೆ ಅಲ್ಲಿದ್ದರು, ಅಷ್ಟೇ. ಅದಕ್ಕೇ ಅಪರಾಧಿಗಳ ವಿರುದ್ಧ ಫ್ರಾಂಕ್‌ನ ಯುದ್ಧಕ್ಕೆ ಕೊನೆಯೇ ಇಲ್ಲ.

ಸಿನಿಮಾದಲ್ಲಿ ಊರು ಫ್ಲೋರಿಡಾದ ಟ್ಯಾಂಪಾ. ಖಳನಾಯಕ ಹೊವಾರ್ಡ್ ಸೇಂಟ್ ತನ್ನ ಮಗನ ಸಾವಿಗೆ ಪ್ರತಿಯಾಗಿ ಫ್ರಾಂಕ್‌ನ ಇಡೀ ಕುಟುಂಬವನ್ನು ಕೊಲ್ಲಿಸುತ್ತಾನೆ. ಅಲ್ಲಿಗೆ ಇದು ಇಬ್ಬರ ನಡುವಿನ ಹಳೇ ಸೇಡಿನ ಕಥೆ ಆಗಿಹೋಯಿತು.

ಸೇಡು ತೀರಿಸಿಕೊಳ್ಳುವ ರೀತಿಯಾದರೂ ಅವನದ್ದೇ ಅಂತ ಅನಿಸಬೇಕಿತ್ತು, ಅಲ್ವಾ? ಫ್ರಾಂಕ್ ಇಲ್ಲಿ ಒಂದು ನಕಲಿ ಫೈರ್ ಹೈಡ್ರಂಟ್ (ಬೆಂಕಿ ಆರಿಸುವ ನೀರಿಗಾಗಿ ರಸ್ತೆಬದಿ ಇರುವ ಕೊಳಾಯಿ; ಅದರ ಪಕ್ಕ ಕಾರು ನಿಲ್ಲಿಸುವಂತಿಲ್ಲ) ಹೊತ್ತು ತಂದು ಸೇಂಟ್‌ನ ಹೆಂಡತಿಯ ಕಾರಿನ ಪಕ್ಕ ಇಡುತ್ತಾನೆ. ಅವಳಿಗೆ ಪಾರ್ಕಿಂಗ್ ದಂಡ ಬೀಳಬೇಕು, ಅದನ್ನು ನೋಡಿ ಗಂಡನಿಗೆ ಅವಳ ನಡತೆಯ ಮೇಲೆ ಅನುಮಾನ ಬರಬೇಕು ಅನ್ನೋದು ಲೆಕ್ಕಾಚಾರ. ಯುದ್ಧ ನೋಡಿ ಬಂದ ಸೈನಿಕನ ಕೈಯಲ್ಲಿ ಧಾರಾವಾಹಿಯ ಮನೆಮುರುಕ ಕೆಲಸ! ನನಗೆ ಅತೀ ಜಾಸ್ತಿ ಬೇಜಾರಾಗಿದ್ದು ಇಲ್ಲೇ.

ಫ್ರಾಂಕ್ ಪಾತ್ರ ಮಾಡಿದ ನಟ ಥಾಮಸ್ ಜೇನ್ ಮೇಲೆ ಮಾತ್ರ ನನಗೆ ಯಾವ ದೂರೂ ಇಲ್ಲ. ಅವರ ಮುಖದಲ್ಲಿ ಆ ದಣಿವು, ಆ ನೋವು ಎರಡೂ ಇವೆ. 2012ರ ‘ಡರ್ಟಿ ಲಾಂಡ್ರಿ’ ಅನ್ನೋ ಹತ್ತು ನಿಮಿಷದ ಕಿರುಚಿತ್ರ ನೋಡಿ. ಬಟ್ಟೆ ಒಗೆಯಲು ಬಂದ ಅದೇ ಫ್ರಾಂಕ್, ಹೆಚ್ಚು ಮಾತಿಲ್ಲದೆ, ಪೂರ್ತಿಯಾಗಿ ಸಿಗುತ್ತಾನೆ.