ಅರಬ್ ದೇಶಗಳ ಬಿಕ್ಕಟ್ಟನ್ನು ತೈಲಕ್ಕಿಂತ ರೊಟ್ಟಿಯ ಕಡೆಯಿಂದ ನೋಡಬೇಕು

"ಅರಬ್ ದೇಶಗಳಲ್ಲಿ ಅಷ್ಟೊಂದು ತೈಲವಿದ್ದರೂ ಅಲ್ಲಿಯ ಯುವಕರು ಏಕೆ ಬೀದಿಗಿಳಿಯುತ್ತಾರೆ, ಏಕೆ ದೋಣಿ ಹತ್ತಿ ಯುರೋಪಿಗೆ ಹೋಗುತ್ತಾರೆ? ನಿಜವಾದ ಸಮಸ್ಯೆ ಧರ್ಮವೋ, ರಾಜಕೀಯವೋ, ಹಣವೋ?" ಎಂದು ನೀವು ಕೇಳಿದ್ದೀರಿ. ಕುವೈತಿನ ಕಟ್ಟಡ ಸಾಮಗ್ರಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾನು ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಎದುರಿನ ಮೇಜಿನಲ್ಲಿ ಅಷ್ಟೂ ಕಾಲ ಕುಳಿತಿದ್ದವರು ಈಜಿಪ್ಟಿನ ನೈಲ್ ಮುಖಜ ಭೂಮಿಯ ಮನ್ಸೂರಾ ಊರಿನವರು. ನಾವೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಈ ಉತ್ತರದಲ್ಲಿ ನಾನು ಓದಿದ್ದು ಎಷ್ಟಿದೆಯೋ ಅವರಿಂದ ತಿಳಿದದ್ದೂ ಅಷ್ಟೇ ಇದೆ.

ಮೊದಲಿಗೆ ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕಾಗಿದೆ. ಅರಬ್ ಲೀಗ್‌ನಲ್ಲಿ 22 ಸದಸ್ಯರಿದ್ದಾರೆ. ಕರಾವಳಿಯ ನಮಗೆ 'ಗಲ್ಫ್' ಎಂದೊಡನೆ ನೆನಪಾಗುವ ಕುವೈತ್, ಕತಾರ್, ಎಮಿರೇಟ್ಸ್‌ಗಳು ಜನಸಂಖ್ಯೆಯ ಲೆಕ್ಕದಲ್ಲಿ ಅವುಗಳ ಪೈಕಿ ತೀರಾ ಚಿಕ್ಕವು. ಅರಬರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕುತ್ತಿರುವುದು ತೈಲದಿಂದ ಹೊಟ್ಟೆ ತುಂಬಿಸಿಕೊಳ್ಳಲಾಗದ ಈಜಿಪ್ಟ್, ಸುಡಾನ್, ಮೊರಾಕ್ಕೊ, ಯೆಮೆನ್, ಸಿರಿಯಾ, ಟುನೀಶಿಯಾ, ಜೋರ್ಡಾನ್, ಲೆಬನಾನ್‌ಗಳಲ್ಲಿ. ಆದ್ದರಿಂದ ನಾನು ಈಜಿಪ್ಟನ್ನೇ ಮುಖ್ಯವಾಗಿ ಹಿಡಿದು ಹೇಳುತ್ತೇನೆ. 2020ರಲ್ಲೇ 10 ಕೋಟಿ ದಾಟಿದ ಜನಸಂಖ್ಯೆ ಅದರದು. ಇಷ್ಟು ಜನ ನೈಲ್ ನದಿಯ ಎರಡು ದಂಡೆಗಳಿಗೂ ಅದರ ಮುಖಜ ಭೂಮಿಗೂ ಅಂಟಿಕೊಂಡು, ದೇಶದ ನೆಲದಲ್ಲಿ ನೂರಕ್ಕೆ ಐದಾರು ಪಾಲಿನಲ್ಲಿ ಮಾತ್ರ ವಾಸಿಸುತ್ತಾರೆ.

ಉಸ್ತಾದರ ತಂಗಿಯ ಮದುವೆಗೆಂದು ನಾನೊಮ್ಮೆ ಈಜಿಪ್ಟಿಗೆ ಹೋಗಿದ್ದೆ. ಕೈರೋದ ಇಂಬಾಬಾ ಬಡಾವಣೆಯಲ್ಲಿ ಅವರ ನೆಂಟರ ಮನೆಯಲ್ಲಿ ಉಳಿದಿದ್ದಾಗ, ಬೆಳಗ್ಗೆ ಅವರೊಂದಿಗೆ ರೊಟ್ಟಿ ತರಲು ಹೋದೆ. ಒಲೆಮನೆಯ ಕಿಟಕಿಯ ಮುಂದೆ ಗಂಡಸರಿಗೊಂದು, ಹೆಂಗಸರಿಗೊಂದು ಸಾಲು. ಪ್ರತಿಯೊಬ್ಬರ ಕೈಯಲ್ಲೂ ನಮ್ಮ ಪಡಿತರ ಚೀಟಿಯಂಥ ಒಂದು ಕಾರ್ಡು. ಆ ಕಾರ್ಡಿನ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ ಐದು ರೊಟ್ಟಿ. ಉಬ್ಬಿದ ಬಿಸಿ ರೊಟ್ಟಿಗಳನ್ನು ಕೈಗೆ ತೆಗೆದುಕೊಂಡವರು ಅವು ಬೆವರಿ ಮೆತ್ತಗಾಗದಿರಲೆಂದು ಪಕ್ಕದಲ್ಲಿ ನಿಂತಿದ್ದ ಕಾರುಗಳ ಬಾನೆಟ್ಟಿನ ಮೇಲೆ ಒಂದೊಂದಾಗಿ ಹರಡಿ, ಆರಿದ ಮೇಲೆ ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ಕಾರಿನ ಮಾಲೀಕರು ಯಾರೂ ಗದರಲಿಲ್ಲ. ಬೇರೆ ಅರಬರು ರೊಟ್ಟಿಗೆ 'ಖುಬ್ಜ್' ಎನ್ನುತ್ತಾರೆ. ಈಜಿಪ್ಟಿನವರು 'ಐಶ್' ಎನ್ನುತ್ತಾರೆ, ಅಂದರೆ ಬದುಕು. ನಾನು ಹೋದಾಗ ಒಂದು ರೊಟ್ಟಿಯ ಬೆಲೆ 5 ಪಿಯಾಸ್ಟರ್, ಅಂದರೆ ಒಂದು ಪೌಂಡಿನ ಇಪ್ಪತ್ತನೇ ಒಂದು ಭಾಗ. 1980ರ ದಶಕದ ಕೊನೆಯಿಂದಲೂ ಅದೇ ಬೆಲೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರವಿರುವುದು ಈ ರೊಟ್ಟಿಯಲ್ಲೇ. 1950-60ರ ದಶಕಗಳಲ್ಲಿ ಈಜಿಪ್ಟನ್ನು ಆಳಿದ ನಾಸರ್ ಅವರ ಕಾಲದಿಂದ ಸರ್ಕಾರಕ್ಕೂ ಜನರಿಗೂ ನಡುವೆ ಬರೆದಿಡದ ಒಂದು ಒಪ್ಪಂದವಿತ್ತು: ಅಗ್ಗದ ರೊಟ್ಟಿ, ಉಚಿತ ಶಿಕ್ಷಣ, ಪದವಿ ಮುಗಿಸಿದವರಿಗೆಲ್ಲ ಸರ್ಕಾರಿ ನೌಕರಿ ಇವನ್ನು ಸರ್ಕಾರ ಕೊಡುತ್ತದೆ, ಅದಕ್ಕೆ ಬದಲಾಗಿ ಜನ ಆಡಳಿತದ ವಿಷಯದಲ್ಲಿ ಬಾಯಿ ಬಿಡಬಾರದು. ಜನಸಂಖ್ಯೆ ಬೆಳೆದಂತೆ ಕೊಡುವ ಶಕ್ತಿ ಸರ್ಕಾರಕ್ಕೆ ಉಳಿಯಲಿಲ್ಲ. ಆದರೆ ಬಾಯಿ ಬಿಡಬಾರದೆಂಬ ಷರತ್ತನ್ನು ಮಾತ್ರ ಅದು ಸಡಿಲಿಸಲಿಲ್ಲ. ಹೆಚ್ಚಿನ ಅರಬ್ ಗಣರಾಜ್ಯಗಳ ಕಥೆ ಇದೇ ಎಂಬುದು ನನ್ನ ಅಭಿಪ್ರಾಯ. ಧರ್ಮವನ್ನು ಇದಕ್ಕೆ ಮೂಲ ಕಾರಣವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

1977ರ ಜನವರಿಯಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದತ್ ಅವರ ಸರ್ಕಾರವು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಒತ್ತಾಯಕ್ಕೆ ಮಣಿದು ಆಹಾರ ಸಬ್ಸಿಡಿಗಳನ್ನು ಕಡಿತಗೊಳಿಸಲು ಹೊರಟಾಗ ಎರಡು ದಿನ ನಗರಗಳು ಹೊತ್ತಿ ಉರಿದವು, ಹತ್ತಾರು ಜನ ಸತ್ತರು, ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. 1980ರ ದಶಕದ ಕೊನೆಯಲ್ಲಿ ಬೆಲೆ 5 ಪಿಯಾಸ್ಟರ್‌ಗೆ ಬಂದು ನಿಂತ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಾವ ಸರ್ಕಾರವೂ ಅದನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. 2020ರಲ್ಲಿ ಬೆಲೆಯನ್ನು ಹಾಗೆಯೇ ಬಿಟ್ಟು ತೂಕವನ್ನು 110 ಗ್ರಾಂನಿಂದ 90 ಗ್ರಾಂಗೆ ಇಳಿಸಿದರು. 2024ರ ಜೂನ್ 1ರಂದು ಕೊನೆಗೂ ಬೆಲೆ 20 ಪಿಯಾಸ್ಟರ್ ಆಯಿತು. ಒಂದು ರೊಟ್ಟಿಗೆ ತಾನು 125 ಪಿಯಾಸ್ಟರ್ ಖರ್ಚು ಮಾಡುತ್ತಿರುವುದಾಗಿ ಸರ್ಕಾರ ಹೇಳಿತು. ಸುಮಾರು 7 ಕೋಟಿ ಜನ ಈ ರೊಟ್ಟಿಯನ್ನು ನಂಬಿದ್ದಾರೆ. ಅದಕ್ಕೆ ಬೇಕಾದ ಗೋಧಿಯಲ್ಲಿ ದೊಡ್ಡ ಪಾಲು ಹೊರದೇಶದ್ದು. ಜಗತ್ತಿನಲ್ಲೇ ಅತಿ ಹೆಚ್ಚು ಗೋಧಿ ಆಮದು ಮಾಡಿಕೊಳ್ಳುವ ದೇಶಗಳ ಸಾಲಿನಲ್ಲಿ ಈಜಿಪ್ಟ್ ನಿಲ್ಲುತ್ತದೆ. 2022ರಲ್ಲಿ ಯುದ್ಧ ಶುರುವಾಗುವವರೆಗೂ ಆ ಆಮದಿನ ಬಹುಪಾಲು ರಷ್ಯಾ ಮತ್ತು ಉಕ್ರೇನಿನಿಂದಲೇ ಬರುತ್ತಿತ್ತು.

ಆಮದಿಗೆ ಡಾಲರ್ ಬೇಕು. ಡಾಲರ್ ಬರುವುದು ಸೂಯೆಜ್ ಕಾಲುವೆ, ಪ್ರವಾಸೋದ್ಯಮ ಮತ್ತು ಉಸ್ತಾದರಂಥವರು ಮನೆಗೆ ಕಳಿಸುವ ಹಣದಿಂದ. ಇವೆಲ್ಲವೂ ಬೇರೆಯವರ ಯುದ್ಧಶಾಂತಿಗಳನ್ನು ಅವಲಂಬಿಸಿದ ಆದಾಯಗಳು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಸಶಸ್ತ್ರ ಗುಂಪಾದ ಹೂತಿಗಳು ಹಡಗುಗಳ ಮೇಲೆ ದಾಳಿ ಆರಂಭಿಸಿದಾಗ ಕಾಲುವೆಯ ವರಮಾನ ಒಮ್ಮೆಲೇ ಕುಸಿಯಿತು. ಈಜಿಪ್ಟಿನ ಪೌಂಡಿನ ಬೆಲೆ ಹೇಗೆ ಬಿತ್ತೆಂದರೆ, 2016ರ ನವೆಂಬರ್ ಆರಂಭದಲ್ಲಿ ಡಾಲರಿಗೆ 9 ಪೌಂಡಿಗಿಂತ ಕಡಿಮೆ ಇದ್ದದ್ದು ಆ ವರ್ಷ ಮುಗಿಯುವುದರೊಳಗೆ 18ರ ಆಸುಪಾಸಿಗೆ ಬಂತು. 2024ರ ಮಾರ್ಚ್‌ನಲ್ಲಿ 31ರಿಂದ 50ರ ಹತ್ತಿರಕ್ಕೆ ಹಾರಿತು. 2023ರ ಸೆಪ್ಟೆಂಬರಿನಲ್ಲಿ ಹಣದುಬ್ಬರ ಶೇ. 38ನ್ನು ಮುಟ್ಟಿತ್ತು.

2016ರ ಆ ದಿನ ನನಗೆ ಚೆನ್ನಾಗಿ ನೆನಪಿದೆ. ಉಸ್ತಾದರು ಮೊಬೈಲಿನಲ್ಲಿ ವಿನಿಮಯ ದರ ನೋಡುತ್ತ ಬಹಳ ಹೊತ್ತು ಕುಳಿತಿದ್ದರು. "ಈ ತಿಂಗಳು ನೀವು ಕಳಿಸುವ ದಿನಾರಿಗೆ ಊರಲ್ಲಿ ಹೆಚ್ಚು ಪೌಂಡ್ ಸಿಗುತ್ತದಲ್ಲ?" ಎಂದು ನಾನು ಕೇಳಿದೆ. "ಹೌದು, ಆದರೆ ನನ್ನ ತಂದೆ ನಲವತ್ತು ವರ್ಷ ಪಾಠ ಹೇಳಿ ಸಂಪಾದಿಸಿದ ಪಿಂಚಣಿ ಇವತ್ತು ಅರ್ಧವಾಯಿತು" ಎಂದರು. ಅವರ ತಂದೆಗೆ ಪದವಿಯ ಬೆನ್ನಿಗೇ ಶಾಲೆಯ ನೌಕರಿ ಸಿಕ್ಕಿತ್ತು. ಉಸ್ತಾದರ ಕಾಲಕ್ಕೆ ಅದೇ ಭರವಸೆ ವರ್ಷಗಟ್ಟಲೆ ಕಾಯುವ ಪಟ್ಟಿಯಾಗಿ, ಆಮೇಲೆ ಅದೂ ಇಲ್ಲವಾಗಿತ್ತು. ವಾಣಿಜ್ಯ ಪದವಿ ಪಡೆದ ಅವರು ಮೂರು ವರ್ಷ ಕೆಲಸವಿಲ್ಲದೆ ಅಲೆದು ಕುವೈತಿಗೆ ಬಂದವರು.

ನಿರುದ್ಯೋಗವೆಂದರೆ ಸಂಬಳ ಇಲ್ಲದಿರುವುದು ಮಾತ್ರವಲ್ಲ ಎಂಬುದು ನನಗೆ ಅರ್ಥವಾದದ್ದು ಅವರ ಮದುವೆಯ ವಿಷಯದಲ್ಲಿ. ಅಲ್ಲಿ ಹುಡುಗ ಮನೆ ತೋರಿಸಬೇಕು, ನಿಶ್ಚಿತಾರ್ಥಕ್ಕೆ ಹುಡುಗಿಗೆ 'ಶಬ್ಕಾ' ಎನ್ನುವ ಚಿನ್ನ ಕೊಡಬೇಕು, ಸಾಮಾನು ಸರಂಜಾಮಿನಲ್ಲಿ ತನ್ನ ಪಾಲು ಹಾಕಬೇಕು. ಇಪ್ಪತ್ತೊಂಬತ್ತರಲ್ಲಿ ನಿಶ್ಚಿತಾರ್ಥ ಮಾಡಿಕೊಂಡ ಅವರು ಮದುವೆಯಾದದ್ದು ಮೂವತ್ತೈದರಲ್ಲಿ. ಮದುವೆಯಾಗದ ಗಂಡಸು ಆ ಸಮಾಜದಲ್ಲಿ ಎಷ್ಟೇ ವಯಸ್ಸಾದರೂ ಹುಡುಗನೇ. ನಾಲ್ಕು ಜನರ ನಡುವೆ ಅವನ ಮಾತಿಗೆ ತೂಕವಿಲ್ಲ. ಕೋಟ್ಯಂತರ ಯುವಕರು ಹೀಗೆ ಹತ್ತಾರು ವರ್ಷ ಬದುಕಿನ ಹೊಸ್ತಿಲಲ್ಲೇ ನಿಂತಿರುತ್ತಾರೆ. 2010ರ ಡಿಸೆಂಬರ್ 17ರಂದು ಟುನೀಶಿಯಾದ ಸಿದಿ ಬೂಜಿದ್‌ನಲ್ಲಿ ತಳ್ಳುಗಾಡಿಯ ವ್ಯಾಪಾರಿ ಮೊಹಮ್ಮದ್ ಬುಅಜೀಜಿ ತನಗೆ ತಾನೇ ಬೆಂಕಿ ಹಚ್ಚಿಕೊಂಡಾಗ, ಅದು ತಮ್ಮದೇ ಕಥೆಯೆಂದು ಅಷ್ಟೊಂದು ಜನರಿಗೆ ಅನ್ನಿಸಿದ್ದು ಇದಕ್ಕೇ. ಮರು ತಿಂಗಳು ಕೈರೋದ ಜನ ಕೂಗಿದ ಘೋಷಣೆಯ ಮೊದಲ ಪದವೇ 'ಐಶ್': ರೊಟ್ಟಿ, ಸ್ವಾತಂತ್ರ್ಯ, ಸಾಮಾಜಿಕ ನ್ಯಾಯ. ದೋಣಿ ಹತ್ತುವುದೂ ಇದೇ ಹೊಸ್ತಿಲಿನಿಂದ. 2023ರ ಜೂನ್ 14ರಂದು ಗ್ರೀಸಿನ ಪೈಲೋಸ್ ಬಳಿ ಮುಳುಗಿದ ಮೀನುಗಾರಿಕಾ ದೋಣಿಯಲ್ಲಿ ಸುಮಾರು 750 ಜನರಿದ್ದರೆಂಬ ಅಂದಾಜಿದೆ. ಬದುಕುಳಿದವರು 104 ಮಂದಿ. ಅದರಲ್ಲಿ ಈಜಿಪ್ಟಿನ ಹುಡುಗರು ಬಹಳವಿದ್ದರು.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಹೆಚ್ಚು ನೋವು ಕೊಡುವಂಥದ್ದು. ಅನೇಕ ಅರಬ್ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಹುಡುಗಿಯರ ಸಂಖ್ಯೆ ಹುಡುಗರಿಗಿಂತ ಹೆಚ್ಚು. ಆದರೂ ಇಡೀ ಪ್ರದೇಶದಲ್ಲಿ ದುಡಿಮೆಯಲ್ಲಿ ತೊಡಗಿರುವ ಅಥವಾ ಕೆಲಸ ಹುಡುಕುತ್ತಿರುವ ಹೆಂಗಸರು ಐವರಲ್ಲಿ ಒಬ್ಬರು ಮಾತ್ರ, ಜಗತ್ತಿನಲ್ಲೇ ಅತಿ ಕಡಿಮೆ. ಸಂಪ್ರದಾಯ ಇದಕ್ಕೆ ಒಂದು ಕಾರಣ ನಿಜ. ಆದರೆ ಸಮಯಕ್ಕೆ ಸರಿಯಾಗಿ ಮುಗಿಯುವ, ಮನೆಯವರು ಗೌರವದ್ದೆಂದು ಒಪ್ಪುವ ಸರ್ಕಾರಿ ಕೆಲಸಗಳು ಮುಚ್ಚಿಹೋದದ್ದೂ, ಖಾಸಗಿ ಕೆಲಸಕ್ಕೆ ತುಂಬಿದ ಮಿನಿಬಸ್ಸಿನಲ್ಲಿ ಎರಡು ತಾಸು ಕಿರುಕುಳ ಸಹಿಸಿ ಹೋಗಬೇಕಾದದ್ದೂ ಅಷ್ಟೇ ದೊಡ್ಡ ಕಾರಣಗಳು. ಸೌದಿಯಲ್ಲಿ 2016ರ ನಂತರ ನಿಯಮಗಳು ಸಡಿಲಗೊಂಡ ಕೆಲವೇ ವರ್ಷಗಳಲ್ಲಿ ದುಡಿಯುವ ಹೆಂಗಸರ ಪ್ರಮಾಣ ಮೂರರಲ್ಲೊಂದು ಭಾಗಕ್ಕೆ ಏರಿದೆ. ಅವರಿಗೇ ಇಷ್ಟವಿಲ್ಲ ಎನ್ನುವ ವಾದ ಇದರೊಂದಿಗೆ ಬಿದ್ದುಹೋಗುತ್ತದೆ.

ಲೆಬನಾನಿನದು ಬೇರೆ ಬಗೆಯ ದುರಂತ. ಅಲ್ಲಿ ಮಧ್ಯಮ ವರ್ಗವಿತ್ತು, ಒಳ್ಳೆಯ ಆಸ್ಪತ್ರೆಗಳಿದ್ದವು, ಬ್ಯಾಂಕುಗಳು ಹೆಸರುವಾಸಿಯಾಗಿದ್ದವು. ಹೊಸ ಠೇವಣಿದಾರರ ಹಣದಿಂದ ಹಳೆಯ ಬಡ್ಡಿ ಕಟ್ಟುವ ಆ ವ್ಯವಸ್ಥೆ 2019ರಲ್ಲಿ ಕುಸಿಯಿತು. ಲೆಬನಾನಿನ ಪೌಂಡ್ ತನ್ನ ಬೆಲೆಯಲ್ಲಿ ಶೇ. 98ರಷ್ಟನ್ನು ಕಳೆದುಕೊಂಡಿತು. 2022ರಲ್ಲಿ ಬೈರೂತಿನ ಮಹಿಳೆಯೊಬ್ಬರು ಆಟಿಕೆ ಪಿಸ್ತೂಲು ಹಿಡಿದು ಬ್ಯಾಂಕಿಗೆ ನುಗ್ಗಿ, ಸಹೋದರಿಯ ಕ್ಯಾನ್ಸರ್ ಚಿಕಿತ್ಸೆಗೆಂದು ತಮ್ಮದೇ ಖಾತೆಯ ಹಣವನ್ನು ಪಡೆದುಕೊಂಡು ಹೋದರು. ಯೆಮೆನ್, ಸುಡಾನ್‌ಗಳಲ್ಲಿ ಯುದ್ಧವೇ ಎಲ್ಲಕ್ಕಿಂತ ದೊಡ್ಡ ಆರ್ಥಿಕ ಸಮಸ್ಯೆ. ಜೋರ್ಡಾನಿನಲ್ಲಿ ನೀರು: ಅಮ್ಮಾನಿನ ಮನೆಗಳಿಗೆ ವಾರಕ್ಕೊಮ್ಮೆ ನಲ್ಲಿ ನೀರು ಬರುತ್ತದೆ, ಉಳಿದ ದಿನಗಳಿಗೆ ತಾರಸಿಯ ಟ್ಯಾಂಕೇ ಗತಿ.

ಇನ್ನು ನೀವು ಕೇಳಿದ ತೈಲದ ದೇಶಗಳು. ಅಲ್ಲೂ ಇರುವುದು ಅದೇ ಒಪ್ಪಂದ. ಕೊಡುವ ಕೈ ದೊಡ್ಡದು ಎಂಬುದಷ್ಟೇ ವ್ಯತ್ಯಾಸ. ಕುವೈತಿನ ದುಡಿಯುವ ನಾಗರಿಕರಲ್ಲಿ ಬಹುತೇಕರು ಸರ್ಕಾರಿ ನೌಕರರು. 2014ರಲ್ಲಿ ಬ್ಯಾರೆಲ್ಲಿಗೆ 100 ಡಾಲರ್ ಮೀರಿದ್ದ ತೈಲದ ಬೆಲೆ 2016ರ ಆರಂಭದಲ್ಲಿ 30ಕ್ಕಿಂತ ಕೆಳಗಿಳಿದಾಗ ಅವರಿಗೂ ಭಯ ಹುಟ್ಟಿತು. ಸೌದಿ ಸರ್ಕಾರ 2017ರ ಜುಲೈಯಿಂದ ವಿದೇಶಿ ನೌಕರರ ಕುಟುಂಬದ ತಲೆಯೊಂದಕ್ಕೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ ಅದನ್ನು ವರ್ಷವರ್ಷ ಏರಿಸಿತು. ಆಗ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ ಮಂಗಳೂರು, ಭಟ್ಕಳದ ಹಲವರನ್ನು ನಾನು ಬಲ್ಲೆ. ತಮ್ಮ ನಾಗರಿಕರ ಮಕ್ಕಳಿಗೆ ಕೆಲಸ ಕೊಡಬೇಕೆಂಬ ಕೊಲ್ಲಿ ಸರ್ಕಾರಗಳ ಆತಂಕ ನ್ಯಾಯವಾದದ್ದೇ. ಆದರೆ ಕೊಲ್ಲಿಯಲ್ಲಿ ಸ್ಥಳೀಯರಿಗಾಗಿ ಹೊರಗಿನವರಿಗೆ ಮುಚ್ಚುವ ಪ್ರತಿಯೊಂದು ಬಾಗಿಲೂ ಮನ್ಸೂರಾದಲ್ಲೋ ಅಮ್ಮಾನಿನಲ್ಲೋ ಒಂದು ಮನೆಯ ಆದಾಯವನ್ನು ಕಸಿಯುತ್ತದೆ.

ಉಸ್ತಾದರು ಈಗ ಊರಿನಲ್ಲಿದ್ದಾರೆ. ಅವರ ಅಣ್ಣನ ಮಗ ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಯಿತು. ಕಳೆದ ತಿಂಗಳು ಫೋನಿನಲ್ಲಿ, ಕುವೈತಿನಲ್ಲಿ ನಮ್ಮ ಹಳೆಯ ಪರಿಚಯದವರು ಯಾರಾದರೂ ಉಳಿದಿದ್ದಾರೆಯೇ ಎಂದು ಕೇಳಿದರು. ನಾನು ಮೂರು ಹೆಸರು, ಮೂರು ನಂಬರು ಕೊಟ್ಟೆ. ಆ ಮೂವರಲ್ಲಿ ಇಬ್ಬರು ಆಗಲೇ ಕೇರಳಕ್ಕೆ ಮರಳಿದ್ದರೆಂದು ಆಮೇಲೆ ಗೊತ್ತಾಯಿತು.