ಫೈಲ್ ಅಳಿಸಿದರೂ ಫ್ಲ್ಯಾಶ್‌ನಲ್ಲಿ ಜಾಗ ಆಗದಿದ್ದರೆ
ಹುವಾವೇ ರೂಟರ್‌ನಲ್ಲಿ ಹಳೆಯ ಸಿಸ್ಟಮ್ ಫೈಲ್ ಅಳಿಸಿದರೂ ಫ್ಲ್ಯಾಶ್‌ನಲ್ಲಿ (ಫೈಲ್‌ಗಳು ಉಳಿಯುವ ರೂಟರ್ ಮೆಮೊರಿ) ಜಾಗ ಹೆಚ್ಚಾಗಿಲ್ಲ ಎಂದಿದ್ದೀರಿ. ಫೈಲ್ ಎಲ್ಲಿಗೂ ಹೋಗಿಲ್ಲ ಸರ್. ಬರೀ ‘ಡಿಲೀಟ್’ ಕಮಾಂಡ್ ಕೊಟ್ಟರೆ ಅದು ರೀಸೈಕಲ್ ಬಿನ್ ಸೇರುತ್ತದೆ, ಜಾಗ ಹಿಡಿದೇ ಇರುತ್ತದೆ. ‘ಡಿಐಆರ್ /ಆಲ್’ ಕೊಟ್ಟು ನೋಡಿ, ಚೌಕ ಕಂಸದೊಳಗೆ ಅದರ ಹೆಸರು ಕಾಣುತ್ತದೆ. ರೂಟರ್ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲೇನಾದರೂ ತಪ್ಪಿ ಅಲ್ಲಿ ಸೇರಿದ್ದರೆ ‘ಅನ್‌ಡಿಲೀಟ್’ ಮಾಡಿ ಈಗಲೇ ವಾಪಸ್ ತನ್ನಿ, ಬಿನ್ ಖಾಲಿ ಮಾಡಿದ ಮೇಲೆ ದಾರಿಯಿಲ್ಲ. ಆಮೇಲೆ ಫೈಲ್ ಅಳಿಸಿದ ಡೈರೆಕ್ಟರಿಯಲ್ಲೇ ನಿಂತು ‘ರೀಸೆಟ್ ರೀಸೈಕಲ್-ಬಿನ್’ ಕೊಡಿ, ಜಾಗ ಬಿಡುಗಡೆಯಾಗುತ್ತದೆ.

ಮುಂದೆ ‘ಡಿಲೀಟ್ /ಅನ್‌ರಿಸರ್ವ್ಡ್’ ಬಳಸಿದರೆ ಬಿನ್ನಿನ ತಂಟೆಯೇ ಇಲ್ಲ, ಆದರೆ ಎಂಟರ್ ಒತ್ತುವ ಮುಂಚೆ ಹೆಸರು ಎರಡು ಸಲ ಓದಿ. ಹೊಸ ಸಿಸ್ಟಮ್ ಫೈಲನ್ನು ಎಫ್‌ಟಿಪಿಯಲ್ಲಿ (ನೆಟ್‌ವರ್ಕ್ ಮೂಲಕ ಫೈಲ್ ಸಾಗಿಸುವ ವಿಧಾನ) ತರುವಾಗ ಬೈನರಿ ಮೋಡ್ ಇರಲಿ. ಬರೀ ಪಠ್ಯಕ್ಕಾಗಿರುವ ಆಸ್ಕಿ ಮೋಡ್‌ನಲ್ಲಿ ತಂದದ್ದು ಕೆಟ್ಟಿರುತ್ತದೆ. ಬೈಟ್ ಲೆಕ್ಕ ಮೂಲ ಫೈಲಿನೊಂದಿಗೆ ತಾಳೆಯಾದ ಮೇಲೆ ‘ಡಿಸ್‌ಪ್ಲೇ ಸ್ಟಾರ್ಟಪ್’ ಕೊಟ್ಟು ಮುಂದಿನ ಸಲ ಯಾವ ಫೈಲಿನಿಂದ ಶುರುವಾಗುತ್ತದೆ ನೋಡಿ, ಆಮೇಲೆಯೇ ರೀಬೂಟ್.